ಸೆಮಿಸಿ ಮೇಷ್ಟ್ರ ಹರಕು ಚಾಪೆ

"ಲೂಪೆ, ನನ್ನ ಚಾಪೆ ಎಲ್ಲಮ್ಮಾ?"

ಪ್ರಶ್ನೆ ಮಂಚದ ಕೆಳಗಿನಿಂದ ಬಂತು. ಸೆಮಿಸಿ ಮೇಷ್ಟ್ರ ತಲೆ, ಹೆಗಲು ಮಂಚದ ಕೆಳಗಿದ್ದವು. ಹೊರಗೆ ಉಳಿದ ಭಾಗವೇ ಅರ್ಧ ಕೋಣೆ ತುಂಬಿಕೊಂಡಿತ್ತು.

ಹನ್ನೊಂದು ವರ್ಷದ ಲೂಪೆ ಬಾಗಿಲಲ್ಲಿ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಅಪ್ಪನ ಚಾಪೆ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಹಿತ್ತಲಿನ ನೀರಿನ ಟ್ಯಾಂಕ್ ಹಿಂದೆ ಇತ್ತು. ಸರಿಯಾಗಿ ಹೇಳಬೇಕೆಂದರೆ, ಚಾಪೆಯಲ್ಲಿ ಉಳಿದದ್ದು ಅಲ್ಲಿತ್ತು.

ಹಿಂದಿನ ಸಂಜೆ ಅಮ್ಮ ಹೇಳಿದ್ದಳು, ತಂತಿಯ ಮೇಲಿರುವ ಅಪ್ಪನ ಬಿಳಿ ಶರ್ಟು, ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ ಎರಡನ್ನೂ ಕತ್ತಲಾಗುವ ಮೊದಲು ಒಳಗೆ ತರಬೇಕೆಂದು. ಲೂಪೆ ನೆಟ್‌ಬಾಲ್ ಆಡುತ್ತಲೇ "ಹ್ಞೂಂ" ಅಂದಿದ್ದಳು. ಆಟ ಮುಗಿಯುವಷ್ಟರಲ್ಲಿ ಆ "ಹ್ಞೂಂ" ಮರೆತುಹೋಗಿತ್ತು. ರಾತ್ರಿ ಪಕ್ಕದ ಮನೆಯ ಹಂದಿ ತನ್ನ ಏಳು ಮರಿಗಳ ಜೊತೆ ಬಂದು, ಎರಡನ್ನೂ ಎಳೆದು ಹಾಕಿ, ಹಾಸಿಗೆ ಮಾಡಿಕೊಂಡು ಮಲಗಿತ್ತು. ಚಾಪೆ ತಿನ್ನಲು ಬರುತ್ತದೋ ಇಲ್ಲವೋ ಎಂಬುದನ್ನೂ ಮರಿಗಳು ಪರೀಕ್ಷೆ ಮಾಡಿದ್ದವು.

ಬೆಳಗ್ಗೆ ಆರಕ್ಕೆ ಲೂಪೆ ಅದನ್ನು ನೋಡಿ, ಎರಡನ್ನೂ ಟ್ಯಾಂಕ್ ಹಿಂದೆ ತುರುಕಿದಳು. ಅಮ್ಮ ಅಷ್ಟರಲ್ಲಾಗಲೇ ತರಕಾರಿ ಮಾರಲು ರಾಜಧಾನಿಯ ಹಡಗು ಹತ್ತಿ ಹೋಗಿದ್ದಳು.

"ಒಳಗೆ ತಂದಿಟ್ಟಿದ್ದೆನಲ್ಲ ಅಪ್ಪಾ," ಅಂದಳು ಲೂಪೆ. "ನೀವೇ ಎಲ್ಲೋ ಇಟ್ಟಿರ್ತೀರ."

ಅಪ್ಪ ತಕ್ಷಣ ನಂಬಿದರು. ಅದೇ ಅವಳಿಗೆ ಕಷ್ಟವಾಯಿತು. ನಂಬುವುದಕ್ಕೆ ಅವರಿಗೆ ಕಾರಣಗಳಿದ್ದವು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಇಡೀ ಶಾಲೆ ಹುಡುಕಿದವರು ಅವರು. ಹೋದ ವಾರ ಹಾಜರಿ ಪುಸ್ತಕವನ್ನು ಚರ್ಚಿಗೆ ತೆಗೆದುಕೊಂಡು ಹೋಗಿ, ಪ್ರಾರ್ಥನೆ ಪುಸ್ತಕವನ್ನು ತರಗತಿಗೆ ತಂದಿದ್ದರು.

ಶಾಲೆ ಅವರ ಕ್ವಾರ್ಟರ್ಸ್ ಪಕ್ಕದಲ್ಲೇ ಇತ್ತು. ಗಂಟೆ ಹೊಡೆಯಲು ಐದು ನಿಮಿಷವಿತ್ತು. ಟೊಂಗಾದಲ್ಲಿ ಒಬ್ಬ ಮೇಷ್ಟ್ರು ಸೊಂಟಕ್ಕೆ ಚಾಪೆ ಸುತ್ತದೆ ಶಾಲೆಗೆ ಹೋಗುವುದೂ ಒಂದೇ, ಪಂಚೆ ಉಡದೆ ಹೋಗುವುದೂ ಒಂದೇ. ಸೆಮಿಸಿ ಮೇಷ್ಟ್ರು ಹಾಸಿಗೆ ಎತ್ತಿದರು. ಅದರ ಕೆಳಗೆ ಒಂದೇ ಒಂದು ಚಾಪೆ ಮಲಗಿತ್ತು. ಎರಡು ವರ್ಷದ ಹಿಂದೆ ಲೂಪೆಯ ತಾತ ತೀರಿಕೊಂಡಾಗ ಸುತ್ತಿಕೊಂಡದ್ದು.

ಸಾವಿನ ಚಾಪೆಯ ಲೆಕ್ಕ ಎಲ್ಲರಿಗೂ ಗೊತ್ತು. ಹೋದವರು ನಮಗಿಂತ ಎಷ್ಟು ದೊಡ್ಡವರೋ ನಮ್ಮ ಚಾಪೆ ಅಷ್ಟು ದೊಡ್ಡದು, ಅಷ್ಟು ಒರಟು, ಅಷ್ಟು ಹರಕು. ಇದಂತೂ ಮೊಣಕಾಲಿನಿಂದ ಎದೆಯವರೆಗೆ ಬರುತ್ತಿತ್ತು. ಅಂಚು ಚಿಂದಿಚಿಂದಿ.

"ನಾಲ್ಕು ಮಡಿಕೆ ಮಾಡಿ, ಹರಕನ್ನ ಒಳಗೆ ಸೇರಿಸಿಬಿಟ್ರೆ ಯಾರಿಗೆ ಗೊತ್ತಾಗುತ್ತೆ?" ಅಂದರು ಮೇಷ್ಟ್ರು. ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದರು. ಬಿಳಿ ಶರ್ಟೂ ಸಿಗಲಿಲ್ಲ. ಇಸ್ತ್ರಿಯಾಗಿದ್ದದ್ದು ಕಪ್ಪು ಶರ್ಟು ಮಾತ್ರ. ಅದನ್ನೇ ಹಾಕಿಕೊಂಡು ಹೊರಟರು.

ಮೊದಲನೇ ಮಡಿಕೆ ಬೆಳಗಿನ ಪ್ರಾರ್ಥನೆಯಲ್ಲಿ ಬಿಚ್ಚಿಕೊಂಡಿತು. ಎರಡನೆಯದು ಅವರು ಬೋರ್ಡಿನ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕೈಯೆತ್ತಿದಾಗ. ಮೇಷ್ಟ್ರಿಗೆ ಎರಡೂ ಗೊತ್ತಾಗಲಿಲ್ಲ. ಹೆಡ್‌ಮಿಸ್ ವೀಕಾ ಕಾರಿಡಾರಿನಲ್ಲಿ ಅವರನ್ನು ಮೇಲಿಂದ ಕೆಳಗೆ ನೋಡಿ, ಇವತ್ತು ಶಾಲೆಗೆ ಬರುವ ಅಗತ್ಯವೇ ಇರಲಿಲ್ಲ ಎಂದು ಮೆಲುದನಿಯಲ್ಲಿ ಹೇಳಿದರು. ಎರಡೇ ನಿಮಿಷ ತಡವಾಗಿದೆ ಎಂದು ಮೇಷ್ಟ್ರು ಸಮಜಾಯಿಷಿ ಕೊಟ್ಟರು. ಹೆಡ್‌ಮಿಸ್ ಅವರ ಭುಜ ಮುಟ್ಟಿ, ನೀವು ಬಹಳ ಗಟ್ಟಿ ಮನುಷ್ಯ ಅಂದರು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಸೆಮಿಸಿ ಮೇಷ್ಟ್ರಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಫಾರ್ಮ್ ಒನ್‌ನಲ್ಲಿ ಲೂಪೆಯೂ ಸೇರಿ ಮೂವತ್ತೊಂದು ಮಕ್ಕಳಿದ್ದರು. ಆ ದಿನ ಅವರು ಕುಳಿತಿದ್ದ ರೀತಿ ನೋಡಿದರೆ ಮೂವತ್ತೊಂದು ಕಲ್ಲುಗಳನ್ನು ಸಾಲಾಗಿ ಇಟ್ಟ ಹಾಗಿತ್ತು. ಯಾರೂ ಪಿಸುಗುಡಲಿಲ್ಲ. ಯಾರೂ ನೀರು ಕುಡಿಯಲು ಹೋಗುತ್ತೇನೆ ಅನ್ನಲಿಲ್ಲ. ಮೇಷ್ಟ್ರು ಪರಂಗಿ ಹಣ್ಣಿನ ಚಿತ್ರ ಬರೆದು ಅದನ್ನು ತುಂಡು ಮಾಡಿ ಭಿನ್ನರಾಶಿ ಹೇಳಿಕೊಟ್ಟರು. ಮೂರರಲ್ಲಿ ಎರಡು ಭಾಗಕ್ಕೆ ನಾಲ್ಕರಲ್ಲಿ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಕೇಳಿದರು.

ಫೆಲೆತಿ ಕೈಯೆತ್ತಿದ. ದಿನಾ ಕಿಟಕಿಯಿಂದ ಕಾಗದದ ವಿಮಾನ ಹಾರಿಸುವ ಫೆಲೆತಿ.

"ಹನ್ನೆರಡರಲ್ಲಿ ಹನ್ನೊಂದು ಸರ್."

ಮೇಷ್ಟ್ರು ಹಿಂದಿದ್ದ ಕುರ್ಚಿಯ ಮೇಲೆ ಹಾಗೇ ಕುಳಿತುಬಿಟ್ಟರು. ಮೂರನೇ ಮಡಿಕೆಯೂ ಬಿಚ್ಚಿಕೊಂಡಿತು.

ಇದೆಲ್ಲ ಯಾಕೋ ಸರಿಯಿಲ್ಲ ಅನಿಸಿತು ಲೂಪೆಗೆ. ಬಿಡುವಿನಲ್ಲಿ ಫೆಲೆತಿ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಾಗ ಅದು ಖಚಿತವಾಯಿತು. ಫೆಲೆತಿ ಯಾರಿಗೂ ಏನೂ ಕೊಡುವವನಲ್ಲ.

"ಯಾಕೋ ಇದು?"

"ನಿಮ್ಮ ಅತ್ತಜ್ಜಿ ಒಳ್ಳೆಯವರಿದ್ರು ಕಣೆ," ಅಂದ ಅವನು ನೆಲ ನೋಡುತ್ತ. "ನಂಗೊಂದ್ಸಲ ಕಿವಿ ಹಿಂಡಿದ್ರು. ಆದ್ರೂ ಒಳ್ಳೆಯವರು."

ಅತ್ತಜ್ಜಿ ಅಂದರೆ ಅಪ್ಪನ ಸೋದರತ್ತೆ ಫೀಫಿತಾ. ಎಂಬತ್ತು ವರ್ಷ. ದ್ವೀಪದ ಇನ್ನೊಂದು ತುದಿಯ ಊರಿನಲ್ಲಿರುತ್ತಾಳೆ. ಮನೆತನಕ್ಕೆಲ್ಲ ಅವಳೇ ದೊಡ್ಡವಳು, ಅವಳೆದುರು ಅಪ್ಪ ಕೂಡ ನೆಲದ ಮೇಲೇ ಕೂರುವುದು. ಮಂಡಿ ಊದಿಕೊಂಡು ಭಾನುವಾರ ಅವಳು ಚರ್ಚಿಗೆ ಬಂದಿರಲಿಲ್ಲ. ಅತ್ತಜ್ಜಿ ಹೋಗಿಬಿಟ್ಟಳೇ? ತನಗೇ ಹೇಳಲಿಲ್ಲವೇ?

"ಯಾರು ಹೇಳಿದ್ದು ನಿಂಗೆ?" ಎಂದು ಕೇಳಿದಳು.

ಯಾರೂ ಹೇಳಬೇಕಾಗಿಲ್ಲ, ಸರ್ ಸುತ್ತಿಕೊಂಡ ಚಾಪೆ ನೋಡಿದರೆ ಸಾಲದೇ ಎಂದ ಫೆಲೆತಿ. ಅಷ್ಟು ದೊಡ್ಡ ಹರಕು ಚಾಪೆ, ಮೇಲೆ ಕಪ್ಪು ಶರ್ಟು. ಅವರ ಅಪ್ಪ ಮೊದಲೇ ತೀರಿಕೊಂಡಿದ್ದಾರೆ, ಇನ್ನು ಉಳಿದವರು ಅತ್ತೆ ತಾನೇ? ಅವನ ಅಮ್ಮ ಪ್ರಾರ್ಥನೆಯ ಹೊತ್ತಿಗೆ ಗೇಟಿನಿಂದಲೇ ನೋಡಿ ಚರ್ಚಿನ ಹೆಂಗಸರಿಗೆ ಫೋನ್ ಮಾಡಿದ್ದಳು. ಆಕ್ಲೆಂಡಿನಲ್ಲಿರುವ ಅವನ ಚಿಕ್ಕಮ್ಮ ಹೂವಿನ ಚಿತ್ರ ಹಾಕಿ ಫೇಸ್‌ಬುಕ್ಕಿನಲ್ಲಿ ಬರೆದೂ ಆಗಿತ್ತು. ನೂರ ನಲವತ್ತು ಜನ ಕೈಮುಗಿದಿದ್ದರು.

ಲೂಪೆ ಬ್ರೆಡ್ಡನ್ನು ಫೆಲೆತಿಯ ಕೈಗೇ ವಾಪಸು ಇಟ್ಟಳು. ಅತ್ತಜ್ಜಿಗೆ ಏನೂ ಆಗಿಲ್ಲ. ಆಗಿರುವುದು ಚಾಪೆಗೆ.

ಅಪ್ಪನಿಗೆ ಈಗಲೇ ಹೇಳಬೇಕು ಎಂದು ಅವಳು ಸ್ಟಾಫ್ ರೂಮಿಗೆ ಓಡಿದಳು. ಒಳಗೆ ಮೇಷ್ಟ್ರುಗಳೆಲ್ಲ ಅಪ್ಪನ ಸುತ್ತ ತಲೆತಗ್ಗಿಸಿ ಕುಳಿತಿದ್ದರು. ಒಬ್ಬರು ಚಹಾ ಬಗ್ಗಿಸಿ ಕೊಡುತ್ತಿದ್ದರು, ಇನ್ನೊಬ್ಬರು ತಮ್ಮ ಪಾಲಿನ ಬಿಸ್ಕತ್ತನ್ನೂ ತಳ್ಳುತ್ತಿದ್ದರು. ಅಪ್ಪ ಮಾತ್ರ ನಗುನಗುತ್ತ ತಮ್ಮ ಪರಂಗಿ ಹಣ್ಣಿನ ವಿಧಾನವನ್ನು ವಿವರಿಸುತ್ತಿದ್ದರು. ಅಷ್ಟು ಜನರನ್ನು ನೋಡಿ ಲೂಪೆ ಬಾಗಿಲಿನಿಂದಲೇ ಹಿಂದೆ ಸರಿದಳು. ಸಂಜೆ ಮನೆಯಲ್ಲಿ ಹೇಳಿದರಾಯಿತು ಅಂದುಕೊಂಡಳು. ಗಂಟೆ ಹೊಡೆಯಿತು.

ಸಂಜೆಯವರೆಗೆ ಕಾಯಲು ಊರು ತಯಾರಿರಲಿಲ್ಲ. ಹನ್ನೆರಡು ಗಂಟೆಗೆ ತರಗತಿಯ ಕಿಟಕಿಯಿಂದ ಹಾಡು ಕೇಳಿಸಿತು. ಎಲ್ಲರೂ ಅತ್ತ ತಿರುಗಿದರು. ಮೇಷ್ಟ್ರ ಮನೆಯ ಅಂಗಳದಲ್ಲಿ ಚರ್ಚಿನ ಹೆಂಗಸರು ಕಪ್ಪು ಬಟ್ಟೆ ಉಟ್ಟು ಕುಳಿತು ಸಾವಿನ ಹಾಡು ಹಾಡುತ್ತಿದ್ದರು. ಅವರ ಮುಂದೆ ಗೆಣಸು, ಕೆಸುವಿನ ಗಡ್ಡೆ, ಬೇಯಿಸಿದ ಕೋಳಿ ತುಂಬಿದ ಆರು ಗರಿಬುಟ್ಟಿಗಳು. ಸುರುಳಿ ಸುತ್ತಿದ ಚಾಪೆಗಳು.

ಮೇಷ್ಟ್ರ ಕೈಯಲ್ಲಿದ್ದ ಚಾಕ್‌ಪೀಸ್ ನಿಂತುಹೋಯಿತು.

"ನಮ್ಮನೆ ಮುಂದೆ..." ಅಂದರು. ಮುಖ ಬೂದಿಯಂತಾಯಿತು. "ಹಡಗು. ಇವಳು ಬೆಳಗ್ಗೆ ಹಡಗಲ್ಲಿ ಹೋದಳಲ್ಲ."

ಅವರು ಓಡಿದ್ದನ್ನು ಲೂಪೆ ಎಂದೂ ನೋಡಿರಲಿಲ್ಲ. ಈಗ ನೋಡಿದಳು. ನಾಲ್ಕನೇ ಮಡಿಕೆ ಬಿಚ್ಚಿ, ಚಾಪೆ ಕಾಲಿಗೆ ತೊಡರುತ್ತಿದ್ದರೂ ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡುತ್ತಿದ್ದರು. ಹಿಂದೆಯೇ ಲೂಪೆ. "ಅಮ್ಮನಿಗೇನೂ ಆಗಿಲ್ಲ ಅಪ್ಪಾ" ಎಂದು ಕೂಗಬೇಕೆಂದರೆ ಉಸಿರೇ ಸಾಲಲಿಲ್ಲ. ಅವಳ ಹಿಂದೆ ಫಾರ್ಮ್ ಒನ್ ಪೂರ್ತಿ, ಕೊನೆಗೆ ಹೆಡ್‌ಮಿಸ್.

ಅವರೆಲ್ಲ ಅಂಗಳ ತಲುಪುವುದಕ್ಕೂ ರಸ್ತೆಯಲ್ಲಿ ಒಂದು ಲಾರಿ ನಿಲ್ಲುವುದಕ್ಕೂ ಸರಿಹೋಯಿತು. ಡ್ರೈವರ್ ಒಬ್ಬ ಮುದುಕಿಯನ್ನು ಕೈಹಿಡಿದು ಇಳಿಸಿದ. ಕಪ್ಪು ಉಡುಪು, ಮನೆತನದ ಹಿರಿಯಳಿಗೆ ತಕ್ಕ ಹಾಗೆ ಸೊಂಟಕ್ಕೆ ನಯವಾದ ಸಣ್ಣ ಚಾಪೆ, ಕೈಯಲ್ಲಿ ಕೋಲು, ಕಣ್ಣಲ್ಲಿ ನೀರು. ಕುಂಟುತ್ತ ಬಂದು ಅಂಗಳದ ನಡುವೆ ನಿಂತಳು.

"ಲೋ ಸೆಮಿಸಿ, ನಿಮ್ಮನೇಲಿ ಸಾವು ಅಂತ ಸುದ್ದಿ ಬಂತು," ಅಂದಳು ಫೀಫಿತಾ ಅತ್ತೆ. "ಯಾರೋ ಹೋದದ್ದು?"

ಹಾಡು ನಿಂತಿತು. ಒಬ್ಬ ಹೆಂಗಸಿನ ಕೈಯಿಂದ ಹಾಡಿನ ಪುಸ್ತಕ ಜಾರಿ ಕೋಳಿಯ ಬುಟ್ಟಿಗೆ ಬಿತ್ತು. ಇನ್ನೊಬ್ಬಳು ಫೆಲೆತಿಯ ಅಮ್ಮನ ಕಡೆ ನೋಡಿದಳು. ಫೆಲೆತಿಯ ಅಮ್ಮ ಆಕಾಶ ನೋಡಿದಳು.

"ನನಗೂ ಗೊತ್ತಿಲ್ಲ ಅತ್ತೆ," ಅಂದರು ಮೇಷ್ಟ್ರು ಏದುಸಿರು ಬಿಡುತ್ತ. "ಯಾರಾದ್ರೂ ಹೇಳ್ರಮ್ಮಾ."

ಎಲ್ಲರ ಕಣ್ಣೂ ಅವರ ಸೊಂಟದ ಮೇಲಿತ್ತು. ಮೇಷ್ಟ್ರು ನಿಧಾನವಾಗಿ ತಲೆ ಬಗ್ಗಿಸಿ ತಮ್ಮನ್ನು ತಾವೇ ನೋಡಿಕೊಂಡರು. ಆಮೇಲೆ ಅತ್ತೆಯನ್ನು ನೋಡಿದರು. ಆಮೇಲೆ ಬುಟ್ಟಿಗಳನ್ನು. ಹಾಗೇ ಕುಸಿದು ಅತ್ತೆಯ ಕಾಲ ಬಳಿ ನೆಲದಲ್ಲಿ ಕುಳಿತರು.

ಇವರೆಲ್ಲ ನೀವೇ ಹೋದಿರಿ ಅಂದುಕೊಂಡಿದ್ದಾರೆ ಎಂದು ಹೇಳಿ, ತಪ್ಪು ತಮ್ಮದೇ ಎಂದು ಅವರು ಒಪ್ಪಿಕೊಂಡರು. ದಿನದ ಚಾಪೆಯನ್ನು ಎಲ್ಲೋ ಇಟ್ಟು ಮರೆತೆ, ಬೇರೆ ಇರಲಿಲ್ಲ, ಇದನ್ನೇ ಮಡಚಿ ಸುತ್ತಿಕೊಂಡೆ, ನನ್ನ ಹಾಳು ಮರೆವು ಎಂದರು. ಹಿಂದಿನಿಂದ ಯಾರೋ, ಈ ಮೇಷ್ಟ್ರು ಒಂದು ದಿನ ತಲೆಯನ್ನೇ ಮನೆಯಲ್ಲಿಟ್ಟು ಬರುತ್ತಾರೆ ಎಂದರು. ಕೆಲವರು ನಕ್ಕರು. ಅತ್ತೆ ನಗಲಿಲ್ಲ. ಕೋಲನ್ನು ನೆಲಕ್ಕೆ ಊರಿ, ನಲವತ್ತೈದು ವರ್ಷದ ಮೇಷ್ಟ್ರನ್ನು ಇಡೀ ತರಗತಿಯ ಮುಂದೆ ಬೈಯಲು ಉಸಿರು ಎಳೆದುಕೊಂಡಳು.

ಮೂವತ್ತು ಜನ ಸಹಪಾಠಿಗಳು ನೋಡುತ್ತಿದ್ದರು. ಆದರೂ ಲೂಪೆ ಮುಂದೆ ಹೋಗಿ ಅಪ್ಪನ ಪಕ್ಕ ಕುಳಿತಳು.

"ಅಪ್ಪ ಮರೆತಿಲ್ಲ ಅತ್ತಜ್ಜಿ. ಮರೆತದ್ದು ನಾನು. ಚಾಪೆ ಒಳಗೆ ತರಲಿಲ್ಲ, ಹಂದಿ ಹರಿದುಹಾಕ್ತು. ನಾನದನ್ನ ಟ್ಯಾಂಕ್ ಹಿಂದೆ ಬಚ್ಚಿಟ್ಟು, ತಂದಿಟ್ಟಿದ್ದೆ ಅಂತ ಅಪ್ಪನಿಗೆ ಸುಳ್ಳು ಹೇಳಿದೆ."

ಅಪ್ಪ ಅವಳತ್ತ ತಿರುಗಿ ನೋಡಿದರು.

"ಅಂದ್ರೆ," ಅಂದಳು ಅತ್ತಜ್ಜಿ ನಿಧಾನವಾಗಿ, "ನನ್ನನ್ನ ಸಾಯಿಸಿದ್ದು ಒಂದು ಹಂದಿ."

ಮೊದಲು ಅವಳ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಅವಳ ನಗು ಶಾಲೆಯ ತಗಡಿನ ಸೂರಿನವರೆಗೂ ಕೇಳಿಸಿತು. ಊದಿದ ಮಂಡಿಯನ್ನು ಹಿಡಿದುಕೊಂಡೇ ನಕ್ಕಳು. ಹೆಡ್‌ಮಿಸ್ ಕೂಡ ಗೋಡೆಯ ಕಡೆ ತಿರುಗಿ ನಕ್ಕರು.

ಸಾವಿನ ಮನೆಗೆ ತಂದದ್ದನ್ನು ವಾಪಸು ಒಯ್ಯುವಂತಿಲ್ಲ. ಹಾಗಾಗಿ ಫಾರ್ಮ್ ಒನ್, ಫಾರ್ಮ್ ಟೂ ಎರಡಕ್ಕೂ ಮರದ ಕೆಳಗೆ ಊಟವಾಯಿತು. ಅತ್ತಜ್ಜಿ ನಡುವೆ ಕುಳಿತು ತನ್ನದೇ ಸಾವಿನ ಊಟ ಉಂಡು, ಕೋಳಿಗೆ ಉಪ್ಪು ಸಾಲದು ಎಂದಳು. ಅರ್ಧಕ್ಕೆ ನಿಂತ ಹಾಡನ್ನು ಪೂರ್ತಿ ಹಾಡಿಸಿದಳು, ಮುಂದೆ ಕೇಳಲು ಆಗುತ್ತದೋ ಇಲ್ಲವೋ ಎಂದು. ಮೇಷ್ಟ್ರಿಗೆ ಮಾತ್ರ ಒಂದೇ ಯೋಚನೆ. ಫೆಲೆತಿಯನ್ನು ಕರೆದು, ಹನ್ನೆರಡರಲ್ಲಿ ಹನ್ನೊಂದು ಹೇಗೆ ಬಂತು ಎಂದು ಕೇಳಿದರು. ಪುಸ್ತಕದ ಕೊನೆಯಲ್ಲಿ ಉತ್ತರ ಇತ್ತು ಸರ್, ನಿಮಗೆ ಇವತ್ತು ಬೇಜಾರಾಗಬಾರದು ಅಂತ ನೋಡಿ ಹೇಳಿದೆ ಎಂದ ಫೆಲೆತಿ. ಮೇಷ್ಟ್ರು ತಮ್ಮ ತಟ್ಟೆಯ ಕೋಳಿಯ ಕಾಲನ್ನು ಅವನ ತಟ್ಟೆಗೆ ಹಾಕಿದರು.

ಸಂಜೆ ಜನವೆಲ್ಲ ಹೋದ ಮೇಲೆ ಅತ್ತಜ್ಜಿ ಜಗುಲಿಯಲ್ಲಿ ಕಾಲು ನೀಡಿ ಕುಳಿತಳು. ಲೂಪೆ ಟ್ಯಾಂಕ್ ಹಿಂದಿನಿಂದ ಚಾಪೆ ತಂದು ಅವಳ ಮುಂದಿಟ್ಟಳು. ಅತ್ತಜ್ಜಿ ಚೂರುಗಳನ್ನು ತಿರುಗಿಸಿ ನೋಡಿದಳು. ಅದನ್ನು ನೇಯ್ದವಳು ಅವಳೇ, ಸೆಮಿಸಿಗೆ ಕೆಲಸ ಸಿಕ್ಕಿದ ವರ್ಷ. ಲೂಪೆಗೆ ಅದು ಗೊತ್ತಿರಲಿಲ್ಲ. ಬೈಗುಳ ಬರಲಿಲ್ಲ. ಸೀಳಿ ಒಣಗಿಸಿದ ಕೇದಗೆ ಗರಿಯ ಒಂದು ಕಟ್ಟು ಮನೆಯಲ್ಲಿತ್ತು, ಅದನ್ನು ತರಿಸಿ ಹೊಸ ಚಾಪೆಗೆ ಮೊದಲ ಎಳೆ ಹಾಕುವುದು ಹೇಗೆಂದು ತೋರಿಸಿದಳು. ಒಂದು ಮೇಲೆ, ಒಂದು ಕೆಳಗೆ, ಬಿಗಿ ಎಳೆ. ಸಡಿಲವಾದಲ್ಲೆಲ್ಲ ಬಿಚ್ಚಿಸಿದಳು.

ಅಪ್ಪ ಪಕ್ಕದಲ್ಲೇ ನೋಟ್‌ಬುಕ್ ತಿದ್ದುತ್ತಿದ್ದರು. ಲೂಪೆಯ ಬೆರಳ ತುದಿ ಉರಿಯತೊಡಗಿತು. ಬೆಳಕು ಹೋಗುವ ಹೊತ್ತಿಗೆ ಎರಡು ಬೆರಳಿನಷ್ಟು ಅಗಲದ ಒಂದು ಸೊಟ್ಟ ಪಟ್ಟಿ ಆಗಿತ್ತು.

ಅವಳು ಅದನ್ನು ಎತ್ತಿ ಹಿಡಿದು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಅಪ್ಪಾ, ಸ್ವಲ್ಪ ಎದ್ದು ನಿಲ್ತೀರಾ?"

ಅಪ್ಪ ಎದ್ದು ನಿಂತರು. ಲೂಪೆ ಪಟ್ಟಿಯನ್ನು ಅವರ ಹೊಕ್ಕುಳಿನ ಹತ್ತಿರ ಒತ್ತಿ ಹಿಡಿದು, ಬೆರಳಿಟ್ಟು ಗುರುತು ಮಾಡಿ, ಮುಂದಕ್ಕೆ ಸರಿಸಿದಳು. ಮತ್ತೆ ಸರಿಸಿದಳು. ಹಾಗೇ ಅಳೆಯುತ್ತ ಅಪ್ಪನ ಸುತ್ತ ಒಂದು ಸುತ್ತು ಬಂದಳು. ಅದು ಬಹಳ ದೊಡ್ಡ ಸುತ್ತು. ಅರ್ಧದಲ್ಲೇ ಅವಳಿಗೆ ಎಣಿಕೆ ತಪ್ಪಿತು.

ಮತ್ತೆ ಮೊದಲಿನಿಂದ ಎಣಿಸಲಿಲ್ಲ. ಕುಳಿತು, ಮುಂದಿನ ಎಳೆ ತೆಗೆದುಕೊಂಡಳು.