ಉಂಗುರ ತೆಗೆಸುವ ಕೋಣೆ

ನಿಶ್ಚಿತಾರ್ಥದ ದಿನ ಅವಳೇ ಅವನ ಬೆರಳಿಗೆ ತೊಡಿಸಿದ್ದ ಉಂಗುರ, ಹೊಸ ಲೇಡಿ ಡಾಕ್ಟರ ಹೆಬ್ಬೆರಳಿನಲ್ಲಿತ್ತು.

ಅವನನ್ನು ಊಟಕ್ಕೆ ಕರೆಯಲೆಂದು ಎಂಆರ್‌ಐ ವಿಭಾಗಕ್ಕೆ ಬಂದವಳು ಬಾಗಿಲಲ್ಲೇ ನಿಂತಳು. ಡಾಕ್ಟರ್ ಫೋನಿನಲ್ಲಿ ಮಾತಾಡುತ್ತ ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದರು... ತಮ್ಮದೇ ಎಂಬಂತೆ.

ಬಂದ ಹಾಗೇ ತಿರುಗಿ ಹೋದಳು.

ಅವಳದು ಅಲ್ಟ್ರಾಸೌಂಡ್ ಕೋಣೆ. ಅಲ್ಲಿ ಕೆಲಸ ಮಾಡುವುದು ಶಬ್ದದ ಅಲೆ; ರೋಗಿಗಳು ಉಂಗುರ, ಬಳೆ ತೊಟ್ಟೇ ಮಲಗಬಹುದು. ಅವನು ಎಂಆರ್‌ಐ ತಂತ್ರಜ್ಞ. ಅಲ್ಲಿರುವುದು ಭಾರೀ ಅಯಸ್ಕಾಂತ. ಲೋಹವನ್ನೆಲ್ಲ ಕಳಚಿಟ್ಟೇ ಒಳಗೆ ಹೋಗಬೇಕು. ಅದು ಅವಳಿಗೂ ಗೊತ್ತು. ಆದರೆ ಅವನಿಗೆಂದೇ ಲಾಕರ್ ಇರುವಾಗ, ಆ ಬೆರಳೇ ಬೇಕಿತ್ತೇ?

ಕೆಲವು ದಿನಗಳಿಂದ ಅವನು ಆ ಡಾಕ್ಟರ ಜೊತೆ ಪಿಸುಮಾತಾಡುತ್ತಿದ್ದ. ಇವಳನ್ನು ಕಂಡರೆ ಸುಮ್ಮನಾಗುತ್ತಿದ್ದ. ಉರಿಯುವ ಬೆಂಕಿಗೆ ಹೆಡ್ ನರ್ಸ್ ಅಕ್ಕ ತುಪ್ಪವನ್ನೂ ಸುರಿದಿದ್ದರು: "ನಿನ್ನ ಹುಡುಗ ಈಗ ಅವರ ನೆರಳು ಕಣೇ. ಸ್ವಲ್ಪ ಬಿಗಿಯಾಗಿ ಹಿಡ್ಕೋ."

ಮಧ್ಯಾಹ್ನ ಅಜ್ಜಿಯೊಬ್ಬರ ಪಿತ್ತಕೋಶದಲ್ಲಿ ಕಲ್ಲಿನಂಥದ್ದೇನೋ ಕಂಡಿತು. ಪಕ್ಕಕ್ಕೆ ಹೊರಳಿಸಿ ನೋಡಿದಳು; ಕಲ್ಲಲ್ಲ, ಪಿತ್ತಕೋಶದ ಗೋಡೆಯೇ ಮಡಿಚಿಕೊಂಡದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವುದು ಅವಳ ಕಸುಬು. ಉಂಗುರದ ವಿಷಯದಲ್ಲಿ ಮಾತ್ರ ಒಂದೇ ನೋಟಕ್ಕೆ ತೀರ್ಪು ಕೊಟ್ಟುಬಿಟ್ಟಿದ್ದಳು.

ಸಂಜೆ ಅವನು ಅವಳ ಕೋಣೆಗೆ ಬಂದಾಗ ತನ್ನ ಬೆರಳಿನದನ್ನೂ ಕಳಚಿ ಮುಂದೆ ಹಿಡಿದಳು.

"ಇದನ್ನೂ ಅವರಿಗೇ ಕೊಡು. ಜೋಡಿ ಆಗುತ್ತೆ."

ಅವನು ರೋಗಿಗಳ ಮಂಚದ ಮೇಲೆ ಕುಸಿದು ಕುಳಿತ.

"ಇವತ್ತು ಆ ಮಷೀನಿನ ಒಳಗೆ ಮಲಗಿದ್ದು ನಾನು ಕಣೇ."

ತಲೆನೋವು ಬಹಳ ದಿನದಿಂದ ಕಾಡುತ್ತಿತ್ತಂತೆ. ಸಿಟಿ ಸ್ಕ್ಯಾನಿನಲ್ಲಿ ಒಂದು ಸಣ್ಣ ಮಚ್ಚೆ ಕಂಡಿತಂತೆ. ಎಂಆರ್‌ಐ ಆದರೆ ಮೆದುಳಿನ ಮೆದು ಭಾಗ ಇನ್ನೂ ಸ್ಪಷ್ಟವಾಗುತ್ತದೆಂದು ಡಾಕ್ಟರ್ ಹೇಳಿದರಂತೆ. ಲಾಕರಿನ ಕೀಲಿ ತಿರುಗಿಸಲಾಗದಷ್ಟು ಕೈ ನಡುಗಿದ್ದಕ್ಕೆ ಉಂಗುರವನ್ನು ಅವರೇ ಇಟ್ಟುಕೊಂಡರಂತೆ.

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ರಿಪೋರ್ಟು?"

"ನೀರುಗುಳ್ಳೆ. ಅದರಿಂದ ಏನೂ ತೊಂದರೆ ಇಲ್ಲ ಅಂದ್ರು. ಆರು ತಿಂಗಳಿಗೆ ಇನ್ನೊಂದು ಸಲ ನೋಡ್ಬೇಕಂತೆ."

ಅವಳು ಅವನ ತೋಳು ಹಿಡಿದಳು. ಹಿಡಿದ ಮೇಲೆ ಸಿಟ್ಟು ಬಂತು.

"ನನಗ್ಯಾಕೆ ಹೇಳ್ಲಿಲ್ಲ?"

"ಸ್ಕ್ಯಾನ್ ಆದ ಕೂಡಲೇ ರೋಗಿಗಳೆಲ್ಲ ನಮ್ಮ ಮುಖದಲ್ಲಿ ಉತ್ತರ ಹುಡುಕ್ತಾರಲ್ವಾ... ನಾವು ಕಲ್ಲಿನ ಹಾಗೆ ಕೂತಿರ್ತೀವಿ. ನಿನ್ನೆದುರು ನನಗೆ ಹಾಗೆ ಕೂರೋಕೆ ಬರಲ್ಲ. ಹೇಳೋಕೆ ಬಂದಿದ್ರೆ ಅತ್ತೇಬಿಡ್ತಿದ್ದೆ."

ಅಷ್ಟಾದರೂ ಹೊಟ್ಟೆಕಿಚ್ಚು ಆರಲಿಲ್ಲ. ಅವನು ಹೆದರಿದ್ದಾಗ ಪಕ್ಕದಲ್ಲಿ ನಿಂತದ್ದು ಇನ್ನೊಬ್ಬಳು...

"ಉಂಗುರ ಹಾಳಾಗಿ ಹೋಗ್ಲಿ," ಎಂದಳು. "ನಿನ್ನ ಭಯನ ಅವರ ಕೈಗೆ ಕೊಟ್ಟೆಯಲ್ಲ. ಅದು ನನಗೆ ಸೇರಬೇಕಿತ್ತು."

ಅವನ ಕಣ್ಣು ತುಂಬಿತು. ಅವಳು ಮುಖ ತಿರುಗಿಸದೆ, ಕಲ್ಲಾಗದೆ, ಅವನೆದುರೇ ಅತ್ತಳು.

"ಮುಂದಿನ ಸಲ ಕಂಟ್ರೋಲ್ ರೂಮಿನಲ್ಲಿ ನಾನಿರ್ತೀನಿ."

"ಡಾಕ್ಟರೂ ಇರ್ತಾರಲ್ಲ."

"ಇರ್ಲಿ ಬಿಡು. ಮಷೀನಿನೊಳಗೆ ನಿನ್ನ ಕಿವಿಗೆ ಕೇಳಿಸೋ ಮೈಕು ಮಾತ್ರ ನನ್ನ ಕೈಲಿರಬೇಕು."

"ಏನು ಮಾತಾಡ್ತೀಯ?"

"ಅಲ್ಲಾಡಬೇಡ, ಬೇಗ ಬಾ ಅಂತೀನಿ... ಇನ್ನೇನು?"