ಇವರು ನಮ್ಮ ಬ್ರದರ್

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಹೆಂಗಸಿಗೆ ಸಿಸ್ಟರ್, ಗಂಡಸಿಗೆ ಬ್ರದರ್ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕರೆ ಅನುರಾಧಾ ಅವನನ್ನು ಸುಮ್ಮನೆ ಬಿಡುವವಳಲ್ಲ. ಅವಳಿಗೆ ನೌಕರಿ ಬಂದದ್ದು ಆ ಒಂದು ಮಾತಿನಿಂದ. ಅವಳ ಪ್ರೀತಿಯ ಬುಡಕ್ಕೆ ಬೆಂಕಿ ಬಿದ್ದದ್ದೂ ಅದೇ ಮಾತಿನಿಂದ.

ಕೊಹಿನೂರದ ಅನುರಾಧಾ ಬಸವಕಲ್ಯಾಣದ ನರ್ಸಿಂಗ್ ಸ್ಕೂಲಿಗೆ ಸೇರಿದಾಗ ಅವಳ ಓರಗೆಯವರ ಮಕ್ಕಳು ಹೈಸ್ಕೂಲು ಮುಟ್ಟಿದ್ದರು. ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳೆಲ್ಲ ಮೈ ತೊಳೆದು, ಮಗ್ಗಲು ಹೊರಳಿಸಿ, ಗಂಜಿ ಕುಡಿಸಿದವಳು ಅವಳೇ. ತಾಯಿ ತೀರಿಕೊಂಡ ಮೇಲೆ, ನನಗೆ ಬರುವ ಕೆಲಸ ಇದೊಂದೇ, ಇದನ್ನೇ ಓದುತ್ತೇನೆ ಅಂತ ಹಟ ಹಿಡಿದಳು. ಅಷ್ಟರಲ್ಲಿ ಅವಳ ಲಗ್ನದ ಮಾತು ಆಡುವವರೂ ಆಡಿ ಆಡಿ ಸುಸ್ತಾಗಿದ್ದರು. ಕ್ಲಾಸಿನ ಹುಡುಗಿಯರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು.

ಆ ಕ್ಲಾಸಿಗೆ ಒಬ್ಬ ಅಣ್ಣನೂ ಇದ್ದ. ಹುಲಸೂರದ ವೀರಭದ್ರ. ಟಂಟಂ ಆಟೋ ಓಡಿಸಿ ತಮ್ಮಂದಿರನ್ನು ದಡ ಮುಟ್ಟಿಸಿ, ಅಡ್ಮಿಷನ್ನಿನ ವಯಸ್ಸು ಮುಗಿಯುವ ಕಡೆಯ ವರ್ಷದಲ್ಲಿ ಓಡಿಬಂದು ಸೇರಿದವನು. ಕೂದಲಿಗೆ ಬಣ್ಣ ಹಚ್ಚುತ್ತಿದ್ದ. ಹಚ್ಚಿದಾಗೆಲ್ಲ ಕಿವಿಯ ತುದಿಗೂ ತಗುಲಿರುತ್ತಿತ್ತು. ಪಾಠ ನಡೆಯುವಾಗ ಅನುರಾಧಾ ಆ ಕಪ್ಪು ಕಿವಿಯನ್ನೇ ನೋಡುತ್ತಾ ಕೂತು, ಅವನು ತಿರುಗಿದರೆ ಥಟ್ಟನೆ ಪುಸ್ತಕಕ್ಕೆ ಮುಖ ಹುದುಗಿಸುತ್ತಿದ್ದಳು.

ಒಮ್ಮೆ ನಾಡಿ ನೋಡುವುದನ್ನು ಕಲಿಸುವ ದಿನ ಅವನ ಪಾಲಿಗೆ ಅವಳ ಕೈ ಬಂತು. ಬೆರಳಿಟ್ಟು, ಗಡಿಯಾರ ನೋಡಿ, ಹುಬ್ಬು ಗಂಟಿಕ್ಕಿದ.

“ಸಿಸ್ಟರ್, ನಿಮ್ಮ ಪಲ್ಸ್ ಭಾಳ ಜೋರದ.”

“ಮಷಿನ್ ಖರಾಬಿರಬೇಕ್ರಿ.”

ನಾಡಿ ನೋಡಲು ಮಷಿನ್ ಎಲ್ಲಿಂದ ಬರಬೇಕು? ಅವನ ಮೂರು ಬೆರಳು ಅವಳ ಮಣಿಕಟ್ಟಿನ ಮೇಲಿದ್ದವು, ಅಷ್ಟೇ. ಅವನಿಗೂ ಗೊತ್ತಾಯಿತು. ನಕ್ಕು, ಮತ್ತೆ ಮೊದಲಿನಿಂದ ಎಣಿಸಬೇಕು ಅಂತ ಹೇಳಿ ಇನ್ನಷ್ಟು ಹೊತ್ತು ಕೈ ಹಿಡಿದೇ ಕೂತ. ಆದರೆ ಆ ‘ಸಿಸ್ಟರ್’ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಅವನು ಹಾಗೆ ಕರೆದಾಗೆಲ್ಲ ಅವಳಿಗೆ ಹಾಲಿಗೆ ಹುಳಿ ಹಿಂಡಿದ ಹಾಗಾಗುತ್ತಿತ್ತು.

ಓದು ಮುಗಿಯಿತು, ಪಾಸೂ ಆದರು. ಆಮೇಲೆ ಶುರುವಾಯಿತು ನೋಡಿ ಪರದಾಟ. ಸರಕಾರಿ ನೌಕರಿ ಕೇಳಿದರೆ ಏಜ್ ಬಾರ್. ಖಾಸಗಿಯವರನ್ನು ಕೇಳಿದರೆ ಅನುಭವ ಎಲ್ಲಿದೆ ಅನ್ನುತ್ತಾರೆ. ಕೆಲಸ ಕೊಡದೆ ಅನುಭವ ಆಕಾಶದಿಂದ ಉದುರುತ್ತದೆಯೇ? ಇಷ್ಟು ವಯಸ್ಸಿನವರಿಗೆ ಹೋಗಮ್ಮ ಬಾರಮ್ಮ ಅನ್ನಲು ನಮ್ಮ ಹೆಡ್ ನರ್ಸಿಗೆ ಬಾಯಿ ಬರುವುದಿಲ್ಲ ಅಂತ ಒಬ್ಬ ಡಾಕ್ಟರು ಬಹಳ ಮರ್ಯಾದೆಯಿಂದ ಬಾಗಿಲು ತೋರಿಸಿದರು. ಇನ್ನೊಂದು ಕಡೆ ಇಂಟರ್‌ವ್ಯೂಗೆ ಹೋದ ಅನುರಾಧಾಳ ಕೈಗೆ ಕಂಪೌಂಡರು ಚೀಟಿ ಕೊಟ್ಟು, ಏನು ತ್ರಾಸು, ಮೊಣಕಾಲು ನೋವೇ ಅಂತ ಕೇಳಿ ರೋಗಿಗಳ ಸಾಲಿನಲ್ಲಿ ಕೂರಿಸಿದ. ಅವಳು ಸುಮ್ಮನೆ ಕೂತಳು. ಎದ್ದು ಹೇಳುವ ಶಕ್ತಿಯೂ ಆ ದಿನ ಇರಲಿಲ್ಲ.

ಜೊತೆಗೆ ಓದಿದ ಹುಡುಗಿಯರೆಲ್ಲ ಒಂದೊಂದು ಕಡೆ ಸೇರಿಕೊಂಡರು. ಉಳಿದವರು ಅಕ್ಕ ಮತ್ತು ಅಣ್ಣ. ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಇಬ್ಬರೂ ಕೂಡಿಯೇ ಅಲೆದರು. ಬಸ್ಸು ಬಂದ ತಕ್ಷಣ ವೀರಭದ್ರ ಕಿಟಕಿಯೊಳಗೆ ತನ್ನ ದಸ್ತಿ, ಅದೇ ಕರವಸ್ತ್ರ, ಎಸೆದು ಅವಳಿಗೆ ಸೀಟು ಹಿಡಿಯುತ್ತಿದ್ದ. ತಾನು ಪಕ್ಕದಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದ. ಬಸ್ಸು ಕುಲುಕಿದಾಗ ಅವನ ಅಂಗಿಯ ತೋಳು ಅವಳ ಭುಜಕ್ಕೆ ತಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅವಳು ತನ್ನನ್ನೇ ಬೈದುಕೊಂಡು, ಆದರೂ ಮುಂದಿನ ಕುಲುಕಿಗೆ ಕಾಯುತ್ತಿದ್ದಳು. ಅವನು ಮಾತ್ರ ಬಾಯಿ ಬಿಡಲಿಲ್ಲ. ನೌಕರಿ ಇಲ್ಲದ ಗಂಡಸು ಹೆಣ್ಣಿಗೆ ಏನು ಅಂತ ಮಾತು ಕೊಡುತ್ತಾನೆ?

ಹುಮನಾಬಾದದ ಹೆದ್ದಾರಿ ಪಕ್ಕದಲ್ಲೊಂದು ನರ್ಸಿಂಗ್ ಹೋಮ್. ಅದರ ಮ್ಯಾನೇಜರ್ ಮೊಹಿನುದ್ದೀನ್‌ರನ್ನು ಊರೆಲ್ಲ ಭಾಯ್ ಅಂತಲೇ ಕರೆಯುತ್ತದೆ. ನೆರೆತ ಗಡ್ಡ, ಮೆತ್ತಗಿನ ಮಾತು. ಅವರು ಅನುರಾಧಾಳ ಕಾಗದಗಳನ್ನು ನೋಡಿ, ವಯಸ್ಸಿನ ಹತ್ತಿರ ಬೆರಳು ನಿಲ್ಲಿಸಿ, ನಿಟ್ಟುಸಿರುಬಿಟ್ಟು ಬಾಗಿಲ ಕಡೆ ನೋಡಿದರು.

“ಹೊರಗ ಕುಂತವರು ಯಾರ್ರಿ?”

“ಇವರು ನಮ್ಮ ಬ್ರದರ್ ಇದ್ದಾರ್ರಿ. ಇಬ್ರೂ ಕೂಡೇ ಕಲ್ತೀವಿ.”

ಅವಳು ಹೇಳಿದ್ದು ಗಂಡು ನರ್ಸ್ ಅಂತ. ಭಾಯ್‌ಗೆ ಕೇಳಿಸಿದ್ದು ಒಡಹುಟ್ಟಿದವ ಅಂತ. ಅವರ ಮುಖ ಅರಳಿತು. ಎದ್ದು ಒಳಗೆ ಹೋಗಿ ಆಸ್ಪತ್ರೆಯ ಒಡತಿ ಡಾಕ್ಟರ್ ಪೂನಂಗೆ, ಅಣ್ಣ ತಂಗಿ ಇಬ್ಬರೂ ನರ್ಸಿಂಗ್ ಕಲಿತು ಬಂದಿದ್ದಾರೆ, ಇಂಥವರು ಎಲ್ಲಿ ಸಿಗಬೇಕು ಅಂತ ಹೇಳಿ ಒಪ್ಪಿಸಿಯೇ ಬಂದರು. ಅದಕ್ಕೊಂದು ಕಾರಣವೂ ಇತ್ತು. ಹಿಂದೆ ಅಲ್ಲಿ ಕೆಲಸಕ್ಕಿದ್ದ ಒಬ್ಬ ಬ್ರದರ್ ಮತ್ತು ಒಬ್ಬಳು ಸಿಸ್ಟರ್ ವಾರ್ಡು ತುಂಬ ರೋಗಿಗಳನ್ನು ಬಿಟ್ಟು ಜೋಡಿಯಾಗಿ ಓಡಿಹೋಗಿದ್ದರು. ರೋಗಿಗಳ ಕಡೆಯವರು ಬಂದು ಗಾಜು ಒಡೆದಿದ್ದರು. ಅಂದಿನಿಂದ ಪೂನಂ ಮೇಡಂ, ಜೋಡಿ ಅಂದರೆ ಗೇಟಿನೊಳಗೆ ಕಾಲಿಡಬಾರದು ಅಂತ ಕಟ್ಟುನಿಟ್ಟು ಮಾಡಿದ್ದರು. ಅಣ್ಣ ತಂಗಿ ಆದರೆ ಆ ಭಯವಿಲ್ಲವಲ್ಲ. ಸರ್ಟಿಫಿಕೇಟಿನಲ್ಲಿ ಅಪ್ಪಂದಿರ ಹೆಸರು ಬೇರೆ ಬೇರೆ ಇತ್ತು, ಯಾರೂ ನೋಡಲಿಲ್ಲ. ಇವರ ಕಾಗದಗಳಲ್ಲಿ ವಯಸ್ಸು ಬಿಟ್ಟು ಬೇರೇನನ್ನಾದರೂ ಯಾರು ನೋಡಿದ್ದರು?

ಮಹಡಿಯ ಮೇಲೆ ಒಂದೇ ಒಂದು ರೂಮು ತೋರಿಸಿ, ನಡುವೆ ಒಂದು ಪರದೆ ಕಟ್ಟಿಕೊಂಡರೆ ಅಣ್ಣ ತಂಗಿಗೆ ಸಾಕು ಅಂತ ಭಾಯ್ ಅಂದಾಗಲೇ ಆದ ಎಡವಟ್ಟು ಇವರಿಗೆ ತಿಳಿದದ್ದು. ವೀರಭದ್ರ ನಿಜ ಹೇಳಲು ಬಾಯಿ ತೆರೆದ. ಅನುರಾಧಾ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಒಂದು ತಿಂಗಳು ಕಳೆಯಲಿ, ನಮ್ಮ ಕೆಲಸ ನೋಡಲಿ, ಆಮೇಲೆ ಹೇಳೋಣ ಅಂದಳು. ಅವನು ಸೆಕೆ ಅಂತ ನೆಪ ಹೇಳಿ ಆಂಬುಲೆನ್ಸಿನಲ್ಲಿ ಮಲಗತೊಡಗಿದ. ತಿಂಗಳು ಕಳೆಯಿತು. ಕೈಗೆ ಮೊದಲ ಪಗಾರ ಬಂತು. ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಸುಖದ ದಿನಗಳೂ ಅವೇ, ಸಂಕಟದ ದಿನಗಳೂ ಅವೇ. ಅವಳು ಸಲೈನ್ ಏರಿಸುವಾಗ ಅವನು ಆಚೆ ಮಂಚದಿಂದ ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಗೋಡೆ ನೋಡುತ್ತಿದ್ದ. ಗೋಡೆ ನೋಡಿ ನಗುವ ಮನುಷ್ಯನನ್ನು ರೋಗಿಗಳು ಏನಂದುಕೊಂಡರೋ. ಜೊತೆಯ ನರ್ಸ್ ಮಹಜಬೀನ್, ನಿಮ್ಮ ಅಣ್ಣನಂಥ ಅಣ್ಣ ಇರಬೇಕು ನೋಡಿ, ನೀವು ಊಟ ಮಾಡುವ ತನಕ ಡಬ್ಬಿ ಬಿಚ್ಚುವುದಿಲ್ಲ ಅಂತ ಹೊಗಳುತ್ತಿದ್ದಳು. ಅನುರಾಧಾ ಅರ್ಧಕ್ಕೇ ಡಬ್ಬಿ ಮುಚ್ಚಿ ಏಳುತ್ತಿದ್ದಳು.

ಒಂದು ದಿನ ಬೇಮಳಖೇಡದಿಂದ ಬಂದಿದ್ದ ಮುದುಕಿಯೊಬ್ಬಳು ಡಿಸ್ಚಾರ್ಜ್ ಆಗುವ ಮೊದಲು ಅನುರಾಧಾಳನ್ನು ಹತ್ತಿರ ಕರೆದು, ಗಂಡ ಬಿಟ್ಟ ತನ್ನ ಮಗಳಿಗೆ ನಿಮ್ಮ ಅಣ್ಣನನ್ನು ಕೊಡಿ ಅಂತ ಸೆರಗೊಡ್ಡಿದಳು. ಕೇಳಿ ಹೇಳುತ್ತೇನೆ ಅನ್ನದೆ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಔಷಧದ ಕೋಣೆಯಲ್ಲಿ ಅವಳು ಬಾಟಲಿ ಜೋಡಿಸುತ್ತಾ, ಅವನ ಕಡೆ ನೋಡದೆ ಕೇಳಿದಳು.

“ನಮ್ಮ ಅಣ್ಣಗ ಹೆಣ್ಣು ಕೊಡ್ತಾರಂತ. ಏನ್ ಹೇಳ್ಲಿ?”

“ತಂಗಿ ಲಗ್ನ ಆಗೋತನ ಅಣ್ಣ ಆಗಂಗಿಲ್ಲಂತ ಹೇಳ್ರಿ.”

“ತಂಗಿಗಿ ವರ ಸಿಕ್ಕಿಲ್ಲಂದ್ರ?”

“ಸಿಕ್ಕಾನ. ಬಾಯಿ ಬಿಡಾಕ ಅಂಜಾಕತ್ತಾನ.”

ಅವಳ ಕೈಯ ಬಾಟಲಿ ಕೈಯಲ್ಲೇ ಉಳಿಯಿತು. ತಿರುಗಿ ನೋಡಿದಾಗ ಅವನ ಕಣ್ಣು ತುಂಬಿದ್ದವು, ತುಟಿ ಮಾತ್ರ ನಗುತ್ತಿತ್ತು. ಅವಳು ಏನೋ ಹೇಳಬೇಕು ಅನ್ನುವಷ್ಟರಲ್ಲಿ ವಾರ್ಡಿನಿಂದ ಬ್ರದರ್, ಬ್ರದರ್ ಅಂತ ಕೂಗು ಬಂತು. ಅವನು ಓಡಿದ.

ನೂಲ ಹುಣ್ಣಿಮೆ ಬಂತು. ಪೂನಂ ಮೇಡಂಗೆ ಒಡಹುಟ್ಟಿದವರಿಲ್ಲ, ರಾಖಿ ಹಬ್ಬ ಅಂದರೆ ಜೀವ. ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ, ಆರತಿ ತಟ್ಟೆ, ಪೇಡೆ, ರಾಖಿ ತರಿಸಿದರು. ಈ ಆಸ್ಪತ್ರೆಯಲ್ಲಿ ಸ್ವಂತ ಅಣ್ಣ ತಂಗಿ ಅಂದರೆ ಇವರಿಬ್ಬರೇ, ಇವರಿಂದಲೇ ಶುರುವಾಗಲಿ ಅಂತ ಒಂದು ಕೆಂಪು ರಾಖಿಯನ್ನು ಅನುರಾಧಾಳ ಅಂಗೈಯಲ್ಲಿಟ್ಟರು.

ಬೇರೆ ಊರಿನವರಿಗೆ ಅದು ಬರೀ ದಾರ ಇರಬಹುದು. ನಮ್ಮ ಕಡೆ ಹಾಗಲ್ಲ. ಪರರ ಕೈಗೆ ಕಟ್ಟಿದರೂ ಕಟ್ಟಿದ ಗಳಿಗೆಯಿಂದ ಅವನು ಅಣ್ಣನೇ. ಆಮೇಲೆ ಅವನನ್ನು ಬೇರೆ ಕಣ್ಣಿನಿಂದ ನೋಡಿದರೆ ಪಾಪ. ಇದು ಅನುರಾಧಾಳಿಗೂ ಗೊತ್ತಿತ್ತು, ವೀರಭದ್ರನಿಗೂ ಗೊತ್ತಿತ್ತು. ಗೊತ್ತಿದ್ದೇ ಅವನು ಮುಂದೆ ಬಂದು, ತಲೆಯ ಮೇಲೆ ದಸ್ತಿ ಹಾಕಿಕೊಂಡು, ಬಲಗೈ ಚಾಚಿದ. ಕಟ್ಟಿ ಅಂತ ಕಣ್ಣಿನಲ್ಲೇ ಹೇಳಿದ.

ಅನುರಾಧಾ ಆ ಕೈಯನ್ನು ನೋಡಿದಳು. ಆಮೇಲೆ ಅವನನ್ನು ದಾಟಿ ನಡೆದು, ಬಾಗಿಲ ಹತ್ತಿರ ನಿಂತಿದ್ದ ಮೊಹಿನುದ್ದೀನ್ ಭಾಯ್ ಕೈ ಹಿಡಿದು ರಾಖಿ ಕಟ್ಟಿಬಿಟ್ಟಳು.

“ಇವರು ನನ್ನ ಅಣ್ಣ,” ಅಂದಳು. “ಅವರಲ್ರಿ ಮೇಡಂ. ನಾ ಅವತ್ತ ಬ್ರದರ್ ಅಂದಿದ್ದು ನರ್ಸ್ ಅಂತ. ಅವರಿಗಿ ನಾ ರಾಖಿ ಕಟ್ಟಂಗಿಲ್ಲ. ಈ ಜನ್ಮಕ್ಕ ಆಗೂದಿಲ್ಲ.”

ಮೇಡಂ ಮುಖ ಕಪ್ಪಿಟ್ಟಿತು. ಅವರದೇನೂ ಕಲ್ಲು ಮನಸ್ಸಲ್ಲ. ಆದರೆ ಇಷ್ಟು ದಿನ ತನ್ನ ಸೂರಿನಡಿ ನಾಟಕ ನಡೆಯಿತಲ್ಲ ಎಂಬುದನ್ನು ಅವರಿಗೆ ತಡೆಯಲಾಗಲಿಲ್ಲ. ಭಾಯ್ ಕೈ ಜೋಡಿಸಿದರು, ತಪ್ಪು ತಿಳಿದುಕೊಂಡದ್ದು ನಾನು, ಇವರಲ್ಲ ಅಂದರು. ಕಡೆಗೆ ಮೇಡಂ, ಹೆಂಗಸರ ವಾರ್ಡು ನಡೆಯಬೇಕು, ಸಿಸ್ಟರ್ ಬೇಕಾದರೆ ಇರಲಿ, ಬ್ರದರ್ ಇವತ್ತೇ ಹೋಗಲಿ ಅಂತ ಹೇಳಿ ಒಳಗೆ ಹೋದರು. ಪೇಡೆ ತಟ್ಟೆಯಲ್ಲೇ ಉಳಿಯಿತು.

ಅನುರಾಧಾ ತಾನೂ ಬಟ್ಟೆ ಕಟ್ಟಿದಳು. ವೀರಭದ್ರ ಆ ಚೀಲವನ್ನು ಕಸಿದು ಮಹಡಿಯ ಮೇಲೆಯೇ ಇಟ್ಟು ಬಂದ. ಅವಳು ಸಿಟ್ಟಿನಿಂದ ಅಳುತ್ತಾ ಬಸ್‌ಸ್ಟ್ಯಾಂಡಿನ ತನಕ ಅವನ ಹಿಂದೆಯೇ ನಡೆದಳು. ಭಾಯ್ ಹತ್ತು ಹೆಜ್ಜೆ ಬಿಟ್ಟು ಬರುತ್ತಿದ್ದರು.

“ಕೈ ಯಾಕ ಚಾಚಿದ್ರಿ?” ಅವಳು ಕೇಳಿದಳು. “ನನಗ ಅಣ್ಣ ಆಗಾಕ ತಯಾರಿದ್ರೇನು?”

“ಸಾಯಾಕ ತಯಾರಿದ್ದೆ. ಎರಡೂ ಒಂದೇ ಅಲ್ಲೇನು?” ಅವನು ನಿಂತು ಅವಳ ಕಡೆ ತಿರುಗಿದ. “ನಿಮ್ಮ ನೌಕರಿ ಉಳೀಲಿ ಅಂದೆ. ನನ್ನ ಕಡಿ ಕೊಡಾಕ ಮತ್ತೇನದ, ಅನುರಾಧಾ?”

ಸಿಸ್ಟರ್ ಅನ್ನಲಿಲ್ಲ. ಎಷ್ಟೋ ವರ್ಷ ಕಾದಿದ್ದ ಹೆಸರು ಅವನ ಬಾಯಿಂದ ಬಂದದ್ದು ಹೋಗುವ ಹೊತ್ತಿನಲ್ಲಿ. ನಾನೂ ಬರುತ್ತೇನೆ, ಉಪವಾಸವಿದ್ದರೂ ಸರಿ ಅಂದಳು. ಅವನು ಬೇಡವೆಂದು ತಲೆಯಾಡಿಸಿದ. ಒಂದು ವರ್ಷ ಹಲ್ಲು ಕಚ್ಚಿ ಇರಿ, ಅನುಭವ ಅಂತ ಒಂದು ಕಾಗದವಾದರೂ ನಮ್ಮಿಬ್ಬರಲ್ಲಿ ಒಬ್ಬರ ಕೈಗೆ ಬರಲಿ, ಇಬ್ಬರೂ ಮುಳುಗಿದರೆ ಯಾರನ್ನು ಯಾರು ಎತ್ತಬೇಕು ಅಂದ. ತಾನು ಹುಲಸೂರಕ್ಕೆ ಹೋಗಿ ಮತ್ತೆ ಟಂಟಂ ಹಿಡಿಯುತ್ತಾನಂತೆ. ನನಗಾಗಿ ಕಾಯಿರಿ ಅಂತ ಹೇಳುವ ಮುಖ ನನಗಿಲ್ಲ ಅಂದ. ನಿಮ್ಮನ್ನು ಯಾರು ಕೇಳಿದರು, ಕಾಯುವವಳು ನಾನು ಅಂತ ಅವಳು ಗದರಿಸಿದಳು. ಅವನ ಅಂಗಿಯ ತೋಳು ಹಿಡಿದವಳು ಬಿಡಲಿಲ್ಲ, ಜನ ನೋಡುತ್ತಿದ್ದರೂ ಬಿಡಲಿಲ್ಲ.

ಬಸವಕಲ್ಯಾಣದ ಬಸ್ಸು ಬಂತು. ಇವರಿಬ್ಬರ ಮುಖ ನೋಡಲಾಗದೆ, ಸ್ವಲ್ಪ ನಗಿಸೋಣ ಅಂತ ಭಾಯ್ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

“ಬೆಹೆನ್, ನೀ ರಾಖಿ ಕಟ್ಟೀದಿ ಅಂದ ಮ್ಯಾಲ ಕೇಳೂದು ನನ್ನ ಹಕ್ಕದ. ಹುಡುಗ ಏನ್ ಕೆಲಸ ಮಾಡ್ತಾನ?”

ಹೆಣ್ಣಿನ ಅಣ್ಣಂದಿರೆಲ್ಲ ಮೊದಲು ಕೇಳುವ ಮಾತು ಅದು. ಬಾಯಿಂದ ಜಾರಿದ ಮೇಲೆಯೇ ಅದು ಎಲ್ಲಿ ಹೋಗಿ ನಾಟಿತು ಅಂತ ಭಾಯ್‌ಗೆ ತಿಳಿದದ್ದು. ವೀರಭದ್ರ ತಲೆ ತಗ್ಗಿಸಿ, ತೋಳು ಬಿಡಿಸಿಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ.

“ನರ್ಸ್ ಇದ್ದಾರ್ರಿ, ಭಾಯ್,” ಅನುರಾಧಾ ಅವನಿಗೆ ಕೇಳಿಸುವ ಹಾಗೆ ಅಂದಳು. “ನೌಕರಿ ಸಿಕ್ಕಿಲ್ಲ. ಆದ್ರ ನರ್ಸ್ ಇದ್ದಾರ.”

ಅವನು ತಿರುಗಿ ನೋಡಿದ. ಕಂಡಕ್ಟರ್ ಬಾಗಿಲು ಎಳೆದುಕೊಂಡ. ಭಾಯ್ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ಬಸ್ಸು ಹೋಯಿತು. ಅಷ್ಟು ಹೊತ್ತಿಗೆ ವಾರ್ಡಿನಲ್ಲಿ ಇಂಜೆಕ್ಷನ್ ಕೊಡುವ ವೇಳೆಯಾಗಿತ್ತು, ಅವಳು ಕಣ್ಣೊರೆಸಿಕೊಂಡು ಡ್ಯೂಟಿಗೆ ನಡೆದಳು.