ಖಾಲಿ ಬೋನುಗಳು

ಪ್ರಾಣಿಗಳ ಡಾಕ್ಟರಮ್ಮ ತಮ್ಮ ಆರೈಕೆ ಕೇಂದ್ರದ ಹೊಸ್ತಿಲಲ್ಲೇ ಬಿದ್ದಿದ್ದರು. ತಲೆ ಒಳಗೆ, ಕಾಲು ಹೊರಗೆ. ಹೊಗೆಗೆ ಉಸಿರುಗಟ್ಟಿ ಸತ್ತಿದ್ದರು. ಮುಷ್ಟಿಯಲ್ಲಿ ಬೀಗದ ಕೈಗಳ ಗೊಂಚಲು. ಬೋನುಗಳೆಲ್ಲ ಖಾಲಿ.

"ಪ್ರಾಣಿಗಳನ್ನ ಬಿಟ್ಟು ಹೊರಗೆ ಬರುವಾಗ ಬಿದ್ದಿದಾರೆ, ಮೇಡಂ," ಎಂದ ಕಾನ್‌ಸ್ಟೇಬಲ್.

"ಹೊರಗೆ ಬರೋರ ತಲೆ ಒಳಗಿರುತ್ತೇನ್ರಿ?" ಎಂದಳು ಇನ್ಸ್‌ಪೆಕ್ಟರ್.

ಬೀಗಗಳನ್ನು ಯಾರೂ ಒಡೆದಿರಲಿಲ್ಲ. ಡಾಕ್ಟರಮ್ಮ ಬರುವ ಮೊದಲೇ ಯಾರೋ ತೆಗೆದಿದ್ದರು.

ಗುಡ್ಡದ ಕಾಡು ವಾರದಿಂದ ಉರಿಯುತ್ತಿತ್ತು. ಊರಿಗಿದ್ದ ಒಂದೇ ರಸ್ತೆ ಮುಚ್ಚಿ, ರಜೆ ಕಳೆಯಲು ಬಂದವರೆಲ್ಲ ಕಡಲತೀರದಲ್ಲಿ ದಿಕ್ಕು ತೋಚದೆ ಕೂತಿದ್ದರು. ಅವರು ಹೇಳಿದ್ದು ಒಂದೇ: ಬೆಂಕಿ ಇನ್ನೂ ಗುಡ್ಡದ ನೆತ್ತಿಯಲ್ಲಿದ್ದಾಗಲೇ ಕೇಂದ್ರದ ಹಿಂದಿನ ಹುಲ್ಲಿನಲ್ಲಿ ಹೊಗೆ ಎದ್ದಿತ್ತು.

ಯಾರೋ ಹಚ್ಚಿದ್ದರು. ಅನುಮಾನ ಮೊದಲು ಕೇಂದ್ರದ ಪಕ್ಕದ ಬಯಲಲ್ಲಿ ಡೇರೆ ಹಾಕಿದ್ದ ಹುಡುಗರ ಮೇಲೆ ಹೋಯಿತು. ಆದರೆ ಅವರ ಒಲೆಯ ಮೇಲೆ ಮರಳು ಮುಚ್ಚಿತ್ತು, ಪಕ್ಕದ ತರಗೆಲೆಯೂ ಸುಟ್ಟಿರಲಿಲ್ಲ.

* * *

ಇನ್ನೊಂದು ಬೀಗದ ಕೈ ಗೊಂಚಲು ಇದ್ದದ್ದು ಡಾಕ್ಟರಮ್ಮನ ಅಣ್ಣನ ಹತ್ತಿರ. ಕಾಡಿನ ಬೆಂಕಿ ಕಾವಲುಗಾರನಾಗಿ ನಿವೃತ್ತನಾದವನು. ತೀರದಲ್ಲಿ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಒಂದು ಜಿಂಕೆ ಮರಿ, ಒಂದು ಕಾಲಿನ ಕೂದಲು ಬೋಳಿಸಿತ್ತು.

"ಈ ಕಾಲಿಗೆ ಪಟ್ಟಿ ಇತ್ತಲ್ವಾ, ಯಜಮಾನ್ರೇ?"

"ಇತ್ತು. ಮುಳ್ಳಿಗೆ ಸಿಕ್ಕಿಕೊಂಡ್ರೆ ಕಷ್ಟ ಅಂತ..."

"ಬೆಂಕಿ ಬೆನ್ನ ಹಿಂದಿದ್ರೆ ಯಾರೂ ಪಟ್ಟಿ ಬಿಚ್ಚುತ್ತಾ ಕೂರಲ್ಲ. ಬಿಚ್ಚಿದೋರಿಗೆ ಪುರುಸೊತ್ತಿತ್ತು. ಬೆಂಕಿ ಬೀಳೋ ಮೊದಲೇ ಅದು ಬೀಳುತ್ತೆ ಅಂತ ಗೊತ್ತಿತ್ತು. ಪಟ್ಟಿ ಎಲ್ಲಿ?"

ಅವನು ಜೇಬಿಗೆ ಕೈ ಹಾಕಿ ಅಚ್ಚುಕಟ್ಟಾಗಿ ಸುತ್ತಿದ ಪಟ್ಟಿ ತೆಗೆದ.

"ಬಿಸಾಕಿದ್ರೆ ತಂಗಿ ಬೈತಾಳೆ. ತೊಳೆದು ಮತ್ತೆ ಕಟ್ಟೋಳು."

ಇನ್ಸ್‌ಪೆಕ್ಟರ್ ಅವನ ಪಕ್ಕ ಮರಳಿನ ಮೇಲೆ ಕೂತಳು.

"ಗುಡ್ಡದ ಬೆಂಕಿ ಇಳಿಯೋ ಮುಂಚೆ ಹುಲ್ಲು ಸುಟ್ಟುಬಿಟ್ರೆ ಅದಕ್ಕೆ ತಿನ್ನೋಕೇನೂ ಇರಲ್ಲ. ನಾನು ಜೀವಮಾನ ಮಾಡಿದ್ದೇ ಅದು. ತಂಗಿ ಬೇಡ ಅಂದ್ಲು. ಗಾಳಿ ನಂಬಬೇಡ ಅಣ್ಣಾ ಅಂದ್ಲು. ಅದಕ್ಕೇ ಅವಳಿಗೆ ಹೇಳದೆ ಹಚ್ಚಿದೆ."

ಗಾಳಿ ಕೇಂದ್ರದ ಕಡೆಗೇ ತಿರುಗಿತ್ತು.

"ಊರು ಉಳೀತಲ್ಲ," ಎಂದ ಕಾನ್‌ಸ್ಟೇಬಲ್ ಮೆಲ್ಲಗೆ. ಅದು ನಿಜ. ಗುಡ್ಡದ ಬೆಂಕಿ ಆ ಸುಟ್ಟ ಹುಲ್ಲಿನ ಅಂಚಿಗೆ ಬಂದು ಆರಿತ್ತು.

"ಹೊಗೆ ನೋಡಿ ಪ್ರಾಣಿಗಳನ್ನ ಬಿಡಿಸೋಕೆ ಓಡಿದಾಳೆ. ಬೋನು ಖಾಲಿ ಮಾಡಿದೀನಿ ಕಣೇ ಅಂತ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು," ಎಂದ ಅಣ್ಣ.

ಇನ್ಸ್‌ಪೆಕ್ಟರ್ ಎದ್ದು ಜೀಪಿನ ಬಾಗಿಲು ತೆರೆದಳು. ಮರಿಯ ಕಾಲಿನಿಂದ ರಕ್ತ ಒಸರುತ್ತಿತ್ತು.

"ಕಟ್ಟಿ ಬರ್ಲಾ?" ಎಂದು ಅಣ್ಣ ಕೇಳಿದ.

ಪಟ್ಟಿ ಸಾಕ್ಷಿಯಾಗಿತ್ತು. ಆದರೂ ಅವಳು ಹೂಂ ಎಂದಳು. ಅವನು ಮಂಡಿಯೂರಿ, ತಂಗಿ ಕಟ್ಟುತ್ತಿದ್ದಂತೆಯೇ ಗಂಟನ್ನು ಹೊರಮಗ್ಗುಲಿಗೆ ಹಾಕಿ ಕಟ್ಟಿದ. ಆಮೇಲೆ ಎದ್ದು ತಾನಾಗಿಯೇ ಜೀಪು ಹತ್ತಿದ.